ತೆಂಗಿನ ಬುಡದ ಉಪ್ಪು

"ಇನ್ನೊಂದು ಬಿಂದಿಗೆ ಸುರೀರಿ. ಇನ್ನೂ ಮೀನು ವಾಸ್ನೆ ಹೊಡೀತೈತೆ," ಎಂದಳು ಕರಿಬಸಮ್ಮ, ಹಿತ್ತಿಲ ಬಾಗಿಲಲ್ಲಿ ನಿಂತು, ಸೆರಗನ್ನು ಮೂಗಿಗೆ ಒತ್ತಿ ಹಿಡಿದು.

ನಾಲ್ಕನೆಯ ಬಿಂದಿಗೆಯ ನೀರು ಆಗತಾನೆ ಮಲ್ಲೇಶನ ತಲೆಯಿಂದ ಇಳಿದು ಕಲ್ಲುಚಪ್ಪಡಿಯ ಮೇಲೆ ಹರಿಯುತ್ತಿತ್ತು. ಹೆಣವನ್ನು ಇಬ್ಬರು ಎರಡು ಕಡೆಯಿಂದ ಹಿಡಿದು ಕೂರಿಸಿದ್ದರು. ಸೀಗೆಪುಡಿ ಮುಗಿದಿತ್ತು, ಸೋಪು ಅರ್ಧ ಸವೆದಿತ್ತು, ಆರು ನಿಂಬೆಹಣ್ಣು ಹಿಂಡಿ ಆಗಿತ್ತು. ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಐದನೆಯ ಬಿಂದಿಗೆಗೆ ಕೈಚಾಚಿದರು. ಮೈದುನನ ಹೆಣಕ್ಕೆ ನೀರು ಹಾಕಿಸುವಾಗಿನದಕ್ಕಿಂತ ಎಣ್ಣೆಜಿಡ್ಡಿನ ಬಾಂಡಲೆ ತೊಳೆಸುವಾಗ ಕರಿಬಸಮ್ಮ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಿದ್ದಳು.

ನಿಜ ಹೇಳಬೇಕೆಂದರೆ ಹೆಣದಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಮಲ್ಲೇಶ ಕರಾವಳಿಯಿಂದ ಬಂದು ಐದು ವಾರ ಕಳೆದಿತ್ತು. ಬಂದಾಗಲೇ ಕಾಲು ಬಾತುಕೊಂಡಿದ್ದವು. ಮೂತ್ರಪಿಂಡ ಎರಡೂ ಸೋತಿವೆ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು ತುಮಕೂರಿನ ಡಾಕ್ಟರು. ಅಂದಿನಿಂದ ಅವನ ಹೆಂಡತಿ ಗಂಗಾಂಬಿಕಾ ದಿನ ತಪ್ಪದೆ ಬಿಸಿನೀರಿನಲ್ಲಿ ಅವನ ಮೈ ಒರೆಸಿದ್ದಳು. ಆ ಮನೆಯಲ್ಲಿ ಏನಾದರೂ ವಾಸನೆ ಇದ್ದರೆ ಅದು ಪಕ್ಕದ ಕೋಣೆಯಲ್ಲಿ ಒಟ್ಟಿದ್ದ ಹುಣಸೆಹಣ್ಣಿನದು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಮೂಗಿಗೂ ಅಂಥದ್ದೊಂದು ಕಾಯಿಲೆ ಇರಬೇಕು. ಕರಿಬಸಮ್ಮನಿಗೆ ಅದು ಹತ್ತಿ ಮೂವತ್ತು ವರ್ಷವಾಗಿತ್ತು.

ಬೆಳಗ್ಗೆ ಒಂಬತ್ತಕ್ಕೆ ಅಯ್ಯನವರು ಬಂದರು. ಸಾಯಂಕಾಲ ನಾಲ್ಕಕ್ಕೆ ಸಮಾಧಿ ಎಂದು ಗೊತ್ತುಮಾಡಿ, ಬೇಕಾದದ್ದನ್ನು ಒಂದೊಂದಾಗಿ ಹೇಳಿದರು. ವಿಭೂತಿ, ಬಿಲ್ವಪತ್ರೆ, ಹೊಸ ಪಂಚೆ. ಕೂರಿಸಿ ಸಮಾಧಿ ಮಾಡುವ ಪದ್ಧತಿಯ ಮನೆಗಳಲ್ಲಿ ಹೆಣದ ಸುತ್ತ ತುಂಬಲು ಕಲ್ಲುಪ್ಪು ಬೇಕು. ಎರಡು ಮೂಟೆಯಾದರೂ ಇರಲಿ ಎಂದರು.

"ಉಪ್ಪು ಕೊಟ್ಟಿಗೇಲಿ ಐತೆ," ಎಂದಳು ಗಂಗಾಂಬಿಕಾ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. "ಎರಡು ಮೂಟೆ. ಅವ್ರೇ ತಂದಿಟ್ಟಿದ್ರು."

ಕರಿಬಸಮ್ಮನ ಗಂಡ ಪರ್ವತಯ್ಯ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವವನಲ್ಲ. ಏನಿದ್ದರೂ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದ. ಈಗಲೂ ಕಂಬದ ಕಡೆ ತಿರುಗಿ, ಮೀನಿಗೆ ಹಾಕುವ ಉಪ್ಪನ್ನು ಲಿಂಗ ಹಿಡಿದ ಕೈಗೆ ಹಾಕುವಷ್ಟು ಈ ಮನೆ ಕೆಟ್ಟಿಲ್ಲ ಎಂದ.

"ಅದು ಮೀನು ಮುಟ್ಟಿದ ಉಪ್ಪಲ್ಲ ಭಾವ. ಉಪ್ಪಿನ ಗದ್ದೆಯಿಂದ್ಲೇ ಹೊಸಾ ಚೀಲಕ್ಕೆ ತುಂಬಿಸ್ಕೊಂಡು ಬಂದವ್ರೆ. ಬಾಯಿ ಹೊಲಿದದ್ದು ಇನ್ನೂ ಬಿಚ್ಚಿಲ್ಲ."

"ಸಮುದ್ರದ್ದು ತಾನೆ? ಸಮುದ್ರದಲ್ಲಿ ಮೀನಲ್ದೆ ಇನ್ನೇನಿರ್ತೈತೆ?" ಎಂದು ಕಂಬವನ್ನು ಕೇಳಿದ ಪರ್ವತಯ್ಯ. ಅಂಗಡಿಯ ಉಪ್ಪು ಕೊಳಾಲದ ಕೆರೆಯಲ್ಲಿ ಬೆಳೆಯುತ್ತದೆಂದು ಅವನು ನಂಬಿದ್ದನೋ ಏನೋ. ಪರ್ವತಯ್ಯ ಮಗ ಗೌರೀಶನನ್ನು ಕರೆದು, ಲಗೇಜ್ ಆಟೊ ಮಾಡಿಕೊಂಡು ಕೊರಟಗೆರೆಗೆ ಹೋಗು, ಶುದ್ಧವಾದ ಉಪ್ಪು ತಾ ಎಂದ.

*

ಮಲ್ಲೇಶ ಮೊದಲ ಸಲ ಕರಾವಳಿಗೆ ಹೋದದ್ದು ಅಣ್ಣನ ಹುಣಸೆಹಣ್ಣಿನ ಲಾರಿಯಲ್ಲಿ. ಶಿವರಾತ್ರಿಯ ಹೊತ್ತಿಗೆ ಸುತ್ತಲ ಊರುಗಳ ಹುಣಸೆಯೆಲ್ಲ ಕೊಳಾಲದ ಪರ್ವತಯ್ಯನ ಮಂಡಿಗೆ ಬರುತ್ತಿತ್ತು. ಅರ್ಧಕ್ಕರ್ಧ ಕುಮಟಾದ ಕಡೆಗೆ ಹೋಗುತ್ತಿತ್ತು. ಅಲ್ಲಿ ಅದು ಯಾವ ಸಾರಿಗೆ ಬೀಳುತ್ತದೆ ಎಂದು ಪರ್ವತಯ್ಯ ಯಾವತ್ತೂ ಕೇಳಲಿಲ್ಲ. ಹುಣಸೆ ಹುಳಿಯಾಗಿದ್ದರೆ ಸಾಕಾಗಿತ್ತು.

ಲೋಡು ಇಳಿಸಿ ಲಾರಿಗೆ ಕಾಯುತ್ತಾ ಮಲ್ಲೇಶ ಅಳಿವೆಯ ದಂಡೆಯಲ್ಲಿ ಕೂತಿದ್ದ. ಹೊಳೆ ಸಮುದ್ರ ಸೇರುವ ಜಾಗ ಅದು. ಅಲ್ಲಿ ಬೀಸುಬಲೆ ಹಾಕುತ್ತಿದ್ದವರಲ್ಲಿ ಒಬ್ಬ ಪಾವಗಡದ ಕಡೆಯವನು, ಕದರಪ್ಪ. ಊರಿನ ಮಾತು ಕೇಳಿ ಇಬ್ಬರಿಗೂ ಸಲಿಗೆಯಾಯಿತು. ತಮಾಷೆಗೆ ಕದರಪ್ಪ ಬಲೆ ಕೊಟ್ಟ. ಹೊಸಬರು ಬೀಸಿದ ಬಲೆ ಒದ್ದೆ ಬಟ್ಟೆಯ ಮುದ್ದೆಯಾಗಿ ಬೀಳುತ್ತದೆ. ಮಲ್ಲೇಶನದು ಮೂರನೆಯ ಸಲಕ್ಕೇ ಕಾವಲಿಗೆ ಹುಯ್ದ ದೋಸೆಯ ಹಾಗೆ ದುಂಡಗೆ ಬಿಚ್ಚಿಕೊಂಡಿತು. ಮಂಡಿಯಲ್ಲಿ ತಕ್ಕಡಿ ಮುಟ್ಟಲೂ ಅಣ್ಣ ಬಿಡದಿದ್ದ ಕೈ ಅದು. ಆ ವರ್ಷ ಲಾರಿ ಅವನನ್ನು ಬಿಟ್ಟು ವಾಪಸು ಬಂತು. ಅಲ್ಲಿಂದಾಚೆಗೆ ಪ್ರತಿ ಬೇಸಿಗೆಯೂ ಅವನು ಹುಣಸೆಯ ಜೊತೆ ಹೋಗಿ ಮೊದಲ ಮಳೆಯ ಜೊತೆ ಬರುತ್ತಿದ್ದ.

ಬೇಸಿಗೆಯ ಮೀನಿಗೂ ಬೇಸಿಗೆಯ ಮನುಷ್ಯನಿಗೂ ವ್ಯತ್ಯಾಸವಿಲ್ಲ ಎಂದು ಗಂಗಾಂಬಿಕಾಳಿಗೆ ಹೇಳುತ್ತಿದ್ದ. ನೀರು ಕಾದರೆ ಎರಡೂ ನೆರಳು ಹುಡುಕಿಕೊಂಡು ಹೋಗುತ್ತವೆ. ಬೆಳಕು ಹರಿಯುವ ಮುಂಚೆ ಉಬ್ಬರ ಹೊಳೆಯೊಳಗೆ ನುಗ್ಗುವಾಗ ತಂಪು ನೀರಿನ ಬೆನ್ನುಹತ್ತಿ ಮೀನು ಒಳಗೆ ಬರುತ್ತದೆ. ಆಗ ಮೊಣಕಾಲುದ್ದ ನೀರಲ್ಲಿ ಅಲುಗದೆ ನಿಲ್ಲಬೇಕು. ಹೊತ್ತು ಮೂಡಿದ ಮೇಲೆ ಸೂರ್ಯನಿಗೆ ಮುಖ ಮಾಡಿ ನಿಲ್ಲಬೇಕು, ನಮ್ಮ ನೆರಳು ನೀರಿಗೆ ಬಿತ್ತೋ ಮೀನು ಹೋಯಿತು. ಬಿಸಿಲೇರಿದ ಮೇಲೂ ಬಲೆ ಬೀಸುವವನು ದಡ್ಡ. ಆಗ ಸೇತುವೆಯ ಕಂಬದ ನೆರಳಿನಲ್ಲಿ, ಮಡು ಆಳವಿರುವಲ್ಲಿ, ಜೀವಂತ ಸೀಗಡಿ ಚುಚ್ಚಿ ಗಾಳ ಇಳಿಸಿ ಕಾಯಬೇಕು. ಇದನ್ನೆಲ್ಲ ಹೇಳುವಾಗ ಅವನ ಮುಖ ಬೇರೆಯೇ ಆಗುತ್ತಿತ್ತು.

ಆದರೆ ಹಿಡಿದದ್ದನ್ನು ಮುಟ್ಟುವುದೆಂದರೆ ಅವನಿಗೆ ಹೇಸಿಗೆ. ಮೊದಲ ದಿನ ಬಲೆಯಿಂದ ಕಾಣೆ ಮೀನು ಬಿಡಿಸುವಾಗ ಲೋಳೆ ಬೆರಳಿಗೆ ಹತ್ತಿ, ನಿಂತ ನೀರಲ್ಲೇ ವಾಂತಿ ಮಾಡಿಕೊಂಡ. ಮೂವತ್ತು ವರ್ಷವಾದರೂ ಆ ಹೇಸಿಗೆ ಹೋಗಲಿಲ್ಲ. ಬಲೆ ದಡಕ್ಕೆ ಬರುವವರೆಗೆ ಮಲ್ಲೇಶನ ಕೆಲಸ, ಬಿಡಿಸಿ ಬುಟ್ಟಿಗೆ ಹಾಕುವುದು ಕದರಪ್ಪನದು. ಒಂದು ತುಂಡು ಬಾಯಿಗೆ ಹಾಕಿದವನಲ್ಲ. ನೀರಿಗೆ ಇಳಿಯುವ ಮುಂಚೆ ಕೊರಳಿನ ಲಿಂಗದ ಕರಡಿಗೆಯನ್ನು ಬಿಚ್ಚಿ, ಒಗೆದ ಬಟ್ಟೆಯಲ್ಲಿ ಸುತ್ತಿ, ತಲೆಯ ರುಮಾಲಿನೊಳಗೆ ಕಟ್ಟಿಕೊಳ್ಳುತ್ತಿದ್ದ. ಮೀನಿನ ನೀರು ಅಲ್ಲಿಗೆ ಸಿಡಿಯಬಾರದು ಎಂದು.

ಇದನ್ನು ಮನೆಯಲ್ಲಿ ಯಾರು ನಂಬುತ್ತಾರೆ? ಮಳೆಗಾಲಕ್ಕೆ ಬಂದವನಿಗೆ ಕರಿಬಸಮ್ಮ ಜಗಲಿಯ ಮೇಲೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಗೌರೀಶ ಚಿಕ್ಕವನಿದ್ದಾಗ ಎದೆಗೂಡು ಬಲವಿಲ್ಲವೆಂದು ಮೂರು ವರ್ಷ ಮೀನೆಣ್ಣೆ ಕುಡಿಸಿದರಲ್ಲ, ಆ ಬಾಟಲಿಗಳನ್ನು ತಂದುಕೊಟ್ಟವನು ಅದೇ ಮಲ್ಲೇಶ. ಅದು ಔಷಧಿ. ಔಷಧಿಯ ಬಾಟಲಿ ದೇವರ ಗೂಡಿನ ಪಕ್ಕದಲ್ಲೇ ಇತ್ತು. ತಂದವನು ಮಾತ್ರ ಜಗಲಿಯ ಮೇಲೆ.

*

ಹನ್ನೊಂದರ ಬಸ್ಸಿಗೆ ಕದರಪ್ಪ ಬಂದ. ಸೀದಾ ಒಳಗೆ ಹೋಗಿ ಮಲ್ಲೇಶನ ಪಾದ ಮುಟ್ಟಿ, ಬಗ್ಗಿದವನು ಹಾಗೆಯೇ ಸ್ವಲ್ಪ ಹೊತ್ತು ಇದ್ದ. ಪಡಸಾಲೆಯಲ್ಲಿ ಕೂತವರು ಸರಿದು ಸರಿದು ಗೋಡೆಗೆ ಹತ್ತಿಕೊಂಡರು. ಅವನು ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತ. ಯಾರೋ ಅವನಿಗೆ ಕಾಗದದ ಲೋಟದಲ್ಲಿ ನೀರು ಕೊಟ್ಟು, ಕುಡಿದ ಮೇಲೆ ಲೋಟವನ್ನು ದೂರ ಎಸೆಯಬೇಕು ಎಂದು ಹೇಳಿದರು.

ನೆಂಟರು ಮಧುಗಿರಿಯಿಂದ, ಶಿರಾದಿಂದ ಬಂದು ಸೇರುತ್ತಿದ್ದರು. ಹೂವಿನ ಹಾರ ಹಾಕಿ, ಎರಡು ನಿಮಿಷ ತಲೆ ತಗ್ಗಿಸಿ ನಿಂತು, ಆಮೇಲೆ ನೆರಳಿಗೆ ಬಂದು ಅವನ ಮೂತ್ರಪಿಂಡ ಯಾಕೆ ಕೆಟ್ಟಿತು ಎಂದು ತೀರ್ಮಾನಿಸುತ್ತಿದ್ದರು. ನಮ್ಮ ಮೈಗೆ ಆಗದ್ದನ್ನು ತಿಂದರೆ ಹೀಗೇ ಎಂದರು ಒಬ್ಬರು. ಇನ್ನೊಬ್ಬರು, ಪರ್ವತಯ್ಯನ ಮನಸ್ಸು ದೊಡ್ಡದು, ಬೇರೆಯವರಾಗಿದ್ದರೆ ತೋಟದೊಳಗೆ ತಾಯಿಯ ಪಕ್ಕದಲ್ಲಿ ಜಾಗ ಕೊಡುತ್ತಿರಲಿಲ್ಲ ಎಂದರು. ಜಾಗ ಕೊಡದಿದ್ದರೆ ಇದೇ ನೆಂಟರು ಏನೆನ್ನುತ್ತಾರೆಂಬ ಹೆದರಿಕೆಗೆ ಕೊಟ್ಟದ್ದು ಅದು. ಸತ್ತವನ ಮುಂದೆ ಮೂರು ಜನ ಕಣ್ಣೀರು ಹಾಕಿದ್ದರು. ಊಟಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದವರು ಹತ್ತು ಜನ.

ಈ ಮಾತೆಲ್ಲ ಒಳಕೋಣೆಗೆ ಚೆನ್ನಾಗಿ ಕೇಳಿಸುತ್ತಿತ್ತು. ಗಂಗಾಂಬಿಕಾಳಿಗೆ ಹೊಸದೇನಲ್ಲ. ಅವಳನ್ನು ಕಾಡುತ್ತಿದ್ದದ್ದು ಒಂದೇ, ಕೊಟ್ಟಿಗೆಯಲ್ಲಿದ್ದ ಆ ಎರಡು ಮೂಟೆ.

*

ಯುಗಾದಿಗೆ ಎರಡು ದಿನ ಇರುವಾಗ ಮಲ್ಲೇಶ ಬಂದಿಳಿದದ್ದು. ಮೂವತ್ತು ವರ್ಷದಲ್ಲಿ ಬೇಸಿಗೆಯ ನಡುವೆ ಬಂದವನಲ್ಲ. ಲಾರಿಯಿಂದ ಇಳಿಯಲು ಇಬ್ಬರು ತೋಳು ಕೊಟ್ಟರು. ಅಷ್ಟಾದರೂ ಅವನ ಕಣ್ಣು ಮೂಟೆಗಳ ಮೇಲಿತ್ತು. ಕೊಟ್ಟಿಗೆಯಲ್ಲಿ ಹಲಗೆ ಹಾಕಿಸಿ, ನೆಲ ಮುಟ್ಟದ ಹಾಗೆ ಇಡಿಸಿದ.

"ಇದನ್ನ ಅಡುಗೆಗೆ ಮುಟ್ಬ್ಯಾಡ ಗಂಗಾ. ಇದು ನಂದು," ಎಂದ.

ಆಮೇಲೆ ಹಾಸಿಗೆ ಹಿಡಿದಾಗ ಒಂದೊಂದಾಗಿ ಹೇಳಿದ. ಉಪ್ಪಿನ ಗದ್ದೆಯಲ್ಲಿ ತಾನೇ ನಿಂತು, ಮೇಲಿನ ಬಿಳಿಯ ಪದರವನ್ನು ಮಾತ್ರ ಬಾಚಿಸಿದನಂತೆ. ಬಿಸಿಲು ಸುಡುವಷ್ಟು ಉಪ್ಪು ಬಿಳಿಯಾಗುತ್ತದೆ, ಈ ವರ್ಷದ್ದು ಹಾಲಿನ ಹಾಗಿತ್ತು ಎಂದ. ಆ ಕಡೆಯಿಂದ ಬರುವ ಲಾರಿಗಳೆಲ್ಲ ಮೀನಿನವು. ಅವುಗಳಲ್ಲಿ ಹಾಕಲು ಮನಸ್ಸು ಬಾರದೆ, ಹುಣಸೆ ಇಳಿಸಿ ಖಾಲಿ ಬರುವ ಲಾರಿಗಾಗಿ ಜ್ವರದಲ್ಲೇ ಮೂರು ದಿನ ಕಾದನಂತೆ.

"ಬದುಕಿರೋವರ್ಗೂ ಅದರ ಲೋಳೆ ಮೈಗೆ ಬಳ್ಕೊಂಡಿದ್ದಾಯ್ತು. ಬಲೆ ಬೀಸೋ ಆಸೆಗೆ ಸಹಿಸ್ಕೊಂಡೆ. ಮಣ್ಣೊಳಗಾದ್ರೂ ಮೀನು ನನ್ನ ಮುಟ್ಬಾರ್ದು. ನಿನ್ನ ಕೈಲಿ ಇಷ್ಟು ಮಾಡ್ಸೋಕಾಯ್ತದಾ?"

ಅವಳು ಅವನ ಬಾತ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಳು. ಅವನು ಬದುಕಿನಲ್ಲಿ ಅವಳನ್ನು ಕೇಳಿದ್ದು ಬಹಳ ಕಡಿಮೆ. ಇಷ್ಟು ಚಿಕ್ಕದನ್ನು ನಡೆಸಿಕೊಡಲಾಗದೆ ಹೋಗುತ್ತದೆಂದು ಅವಳು ನೆನೆಸಿರಲಿಲ್ಲ.

*

ಮೂರು ಗಂಟೆಗೆ ಗೌರೀಶ ಫೋನು ಮಾಡಿ, ಉಪ್ಪು ಸಿಕ್ಕಿದೆ, ಸೀದಾ ತೋಟಕ್ಕೇ ತರುತ್ತೇನೆ ಎಂದ. ಎಲ್ಲರೂ ಹೊರಡುವ ಗಡಿಬಿಡಿಯಲ್ಲಿದ್ದಾಗ ಗಂಗಾಂಬಿಕಾ ಕೊಟ್ಟಿಗೆಗೆ ಹೋದಳು. ಕುಡುಗೋಲಿನ ತುದಿಯಿಂದ ಒಂದು ಮೂಟೆಯ ಹೊಲಿಗೆ ಬಿಚ್ಚಿದಳು. ಉಪ್ಪು ಒಣಗಿ ಗಲಗಲ ಅನ್ನುತ್ತಿತ್ತು. ಎರಡು ಸೇರಿನಷ್ಟು ಬೊಗಸೆಯಲ್ಲಿ ತೆಗೆದು ಮಡಿಲಿಗೆ ಹಾಕಿಕೊಂಡು, ಸೀರೆಯನ್ನು ಸೊಂಟಕ್ಕೆ ಬಿಗಿದಳು. ಗಂಡ ಸತ್ತ ದಿನ ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಉಪ್ಪು ಕದಿಯುವಂತಾಯಿತಲ್ಲ ಎಂದು ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು.

ತೋಟದಲ್ಲಿ ಬೋರಯ್ಯ ಗುಂಡಿ ತೆಗೆದು, ಬದಿಯಲ್ಲಿ ಗೂಡು ಕೊರೆದು ಕಾಯುತ್ತಿದ್ದ. ಆ ಊರಿನ ಮುಕ್ಕಾಲು ಪಾಲು ಸಮಾಧಿ ಅವನ ಗುದ್ದಲಿಯವೇ. ಮಲ್ಲೇಶನನ್ನು ಇಳಿಸಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಎದೆಯ ಹತ್ತಿರಕ್ಕೆ ತಂದು ನಿಲ್ಲಿಸಿದರು. ಹಣೆಗೆ, ತೋಳಿಗೆ ವಿಭೂತಿ ಬಳಿದರು. ತೊಳೆದು ತೊಳೆದು ಬೆಳ್ಳಗಾಗಿದ್ದ ಆ ಮುಖದಲ್ಲಿ ದಣಿವು ಬಿಟ್ಟರೆ ಬೇರೇನೂ ಇರಲಿಲ್ಲ.

ಆಟೊದಿಂದ ಮೂಟೆಗಳು ಇಳಿದವು. ಬೋರಯ್ಯ ಮೊದಲನೆಯದರ ಬಾಯಿ ಬಿಚ್ಚಿದ. ಬಿಚ್ಚಿದವನು ಮೂಗರಳಿಸಿ ತಲೆಯೆತ್ತಿದ.

"ಯಾವ ಅಂಗಡೀದು ಬುದ್ದೀ ಇದು?"

ಎಲ್ಲ ಅಂಗಡಿಯಲ್ಲೂ ಪುಡಿ ಉಪ್ಪಿನ ಪ್ಯಾಕೆಟ್ಟುಗಳೇ, ಮೂಟೆಗಟ್ಟಲೆ ಇದ್ದದ್ದು ಸಂತೆ ಮೈದಾನದ ಹಿಂದಿನ ಒಂದೇ ಕಡೆ ಎಂದ ಗೌರೀಶ. ಅಲ್ಲಿಂದ ರೈತರು ತೆಂಗಿನ ಬುಡಕ್ಕೆ ಹಾಕಲು ಕೊಳ್ಳುತ್ತಾರಂತೆ, ತುಂಬಾ ಸಾರವಾದ ಉಪ್ಪಂತೆ. ಬೋರಯ್ಯ ಪರ್ವತಯ್ಯನ ಮುಖ ನೋಡಿದ, ಆಮೇಲೆ ಕೆಳಗೆ ನೋಡಿದ. ದೊಡ್ಡವರ ಮನೆಯ ಉಪ್ಪಿಗೆ ತಾನ್ಯಾಕೆ ಬಾಯಿ ಹಾಕಬೇಕು ಎಂದುಕೊಂಡನೋ ಏನೋ, ಮೂಟೆಯೆತ್ತಿ ಸುರಿಯತೊಡಗಿದ. ಉಪ್ಪು ಬೂದು ಬಣ್ಣಕ್ಕಿತ್ತು. ಗಲಗಲ ಅನ್ನಲಿಲ್ಲ, ಒದ್ದೆ ಮರಳಿನ ಹಾಗೆ ದೊಪ್ಪೆಂದು ಬಿತ್ತು.

ದೂರದಲ್ಲಿ ಬದುವಿನ ಮೇಲೆ ನಿಂತಿದ್ದ ಕದರಪ್ಪ ಗಾಳಿ ಬೀಸಿದ ಕಡೆಗೆ ತಿರುಗಿದ. ಜನರನ್ನು ದಾಟಿಕೊಂಡು ಗಂಗಾಂಬಿಕಾಳ ಪಕ್ಕಕ್ಕೆ ಬಂದ. ಅಷ್ಟರಲ್ಲಿ ಅವಳೂ ಕಂಡಿದ್ದಳು. ಸುರಿದ ಉಪ್ಪಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮಿಂಚುತ್ತಿದ್ದವು, ಮೀನಿನ ಮೈಮೇಲಿನ ಹುರುಪೆ, ಕೊತ್ತಂಬರಿ ಕಾಳಿನಷ್ಟು ಅಗಲ. ಮೂವತ್ತು ವರ್ಷ ಗಂಡನ ಬಟ್ಟೆ ಒಗೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕಾ, ಇದು ಒಣಮೀನು ಕೊಡವಿದ ಉಪ್ಪು," ಎಂದ ಕದರಪ್ಪ, ತುಟಿ ಅಲುಗದ ಹಾಗೆ. "ಮೀನು ಮಾರಿದ್ಮ್ಯಾಲೆ ಚೀಲದಾಗೆ ಉಳೀತದಲ್ಲ, ಅದೇ. ಗೊಬ್ಬರಕ್ಕೆ ಮಾರ್ತಾರೆ. ಅಕ್ಕಾ, ಅಣ್ಣಂಗೆ ಇದು ಬ್ಯಾಡ. ನಾನು ಹೇಳ್ಬುಡ್ಲಾ?"

ಗಂಗಾಂಬಿಕಾ ಗುಂಡಿಯ ಕಡೆ ನೋಡಿದಳು. ಉಪ್ಪು ಆಗಲೇ ಮಲ್ಲೇಶನ ತೊಡೆ ದಾಟಿತ್ತು. ಒಂದು ಮಾತು ಆಡಿದರೆ ಸಾಕು, ಎಲ್ಲ ನಿಲ್ಲುತ್ತದೆ. ನಿಂತ ಮೇಲೆ? ಪರ್ವತಯ್ಯ ಮಗನನ್ನು ಬೈಯುವುದಿಲ್ಲ. ನೋಡಿದಿರಾ, ಗುಂಡಿಯೊಳಗೂ ಅವನ ಮೀನು ಅವನನ್ನು ಬಿಡಲಿಲ್ಲ ಎಂದು ನೆಂಟರೆಲ್ಲರ ಮುಂದೆ ಹೇಳುತ್ತಾನೆ. ಮೂವತ್ತು ವರ್ಷದಿಂದ ಕಾದ ಸಾಕ್ಷಿ ಸಿಕ್ಕಿತು ಅಂದುಕೊಳ್ಳುತ್ತಾರೆ. ಅವನನ್ನು ಮೇಲಕ್ಕೆ ಎಳೆದು, ಮತ್ತೆ ಐದು ಬಿಂದಿಗೆ ನೀರು ಹಾಕಿಸಿ, ತಾಯಿಯ ಪಕ್ಕದ ಜಾಗವೂ ಬೇಡ ಎನ್ನಬಹುದು. ಆದರೂ ಒಂದು ಸಲ, ಕೊನೆಯ ಸಲ, ನೋಡೋಣ ಎನ್ನಿಸಿತು. ಗುಂಡಿಯ ಪಕ್ಕ ಚೆಲ್ಲಿದ್ದ ಉಪ್ಪನ್ನು ಒಂದು ಹಿಡಿ ಎತ್ತಿ ಕರಿಬಸಮ್ಮನ ಅಂಗೈಗೆ ಹಾಕಿದಳು.

"ಇದೇನಾದ್ರೂ ವಾಸನೆ ಬರ್ತೈತಾ ನೋಡಕ್ಕ."

ಕರಿಬಸಮ್ಮ ಬೆಳಗಿನಿಂದ ಮೊದಲ ಸಲ ಮೂಗಿನಿಂದ ಸೆರಗು ತೆಗೆದಳು. ಅಂಗೈಯನ್ನು ಮುಖದ ಹತ್ತಿರ ತಂದು ನಿಧಾನವಾಗಿ ಮೂಸಿದಳು.

"ಎಂಥದೂ ಇಲ್ಲ ಕಣಮ್ಮ. ಕಲ್ಲುಪ್ಪು ಅಂದ್ರೆ ಇಂಗೇ ಗಮ್ ಅಂತಿರ್ಬೇಕು, ನಮ್ಮ ತವರಲ್ಲಿ ಇಂಥದೇ ತರ್ತಿದ್ರು. ಈಗ ನೋಡು, ಅವನ ಮೀನಿನ ವಾಸನೆ ಹೆಂಗೆ ಅಡಗೋಯ್ತು."

ಮೀನಿನ ಉಪ್ಪು ಗಂಗಾಂಬಿಕಾಳಿಗೆ ಹೊಸದಲ್ಲ. ಈ ಮೂಗುಗಳ ಮುಂದೆ ತನ್ನ ಗಂಡ ಮೂವತ್ತು ವರ್ಷ ಜಗಲಿಯ ಮೇಲೆ ತಲೆ ತಗ್ಗಿಸಿ ಉಂಡನಲ್ಲ, ಅದು ನೆನಪಾಗಿ ಅವಳಿಗೆ ಹೇಸಿಗೆಯಾಯಿತು. ಮೀನು ಹೇಗೆ ನಾರುತ್ತದೆ ಎಂದು ಕೂಡ ಇವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ವಾಸನೆಗೆ ಇವರು ಒಬ್ಬ ಮನುಷ್ಯನನ್ನು ಹೊರಗಿಟ್ಟರು.

"ಬ್ಯಾಡ, ಹೇಳ್ಬ್ಯಾಡ," ಎಂದಳು ಕದರಪ್ಪನಿಗೆ.

ಎರಡನೆಯ ಮೂಟೆ ಮುಗಿದಾಗ ಉಪ್ಪು ಹೊಟ್ಟೆಯ ಮಟ್ಟಕ್ಕೆ ಬಂದಿತ್ತು. ಲಿಂಗ ಹಿಡಿದ ಕೈಗೆ ಇನ್ನೂ ಒಂದು ಗೇಣು. ಸುತ್ತ ಚೆಲ್ಲಿದ್ದನ್ನು ಬೋರಯ್ಯ ಬುಟ್ಟಿಗೆ ಬಾಚುತ್ತಿದ್ದ. ಗಂಗಾಂಬಿಕಾ ಅಯ್ಯನವರ ಹತ್ತಿರ ಹೋಗಿ, ಕೈಗೂ ಮುಖಕ್ಕೂ ನಾನು ಹಾಕುತ್ತೇನೆ ಎಂದಳು. ಅವರು ಪರ್ವತಯ್ಯನನ್ನು ನೋಡದೆ ಹೂಂ ಎಂದರು. ಅವಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಬಗ್ಗಿ ಮಡಿಲು ಬಿಚ್ಚಿದಳು.

"ಏನದು?" ಎಂದ ಪರ್ವತಯ್ಯ. ಕಂಬ ಇರಲಿಲ್ಲ, ಅವಳನ್ನೇ ಕೇಳಬೇಕಾಯಿತು.

"ಮನೇದು," ಎಂದಳು ಅವಳು, ತಿರುಗಿ ನೋಡದೆ.

ಬಿಳಿಯ ಉಪ್ಪು ಗಲಗಲನೆ ಇಳಿದು ಮಲ್ಲೇಶನ ಎಡಗೈಯನ್ನು ಸುತ್ತಿಕೊಂಡಿತು, ಬೆರಳ ಸಂದಿಯಲ್ಲಿ ಕೂತಿತು, ಗದ್ದದ ಕೆಳಗೆ ನಿಂತಿತು. ಎರಡು ಸೇರಿಗೆ ಎಷ್ಟು ಜಾಗ ಸಿಕ್ಕೀತು? ಒಂದು ಕೈ, ಒಂದು ಮುಖ. ಸೊಂಟದವರೆಗೆ ಅವನು ಹೇಸುತ್ತಿದ್ದ ಮೀನಿನಲ್ಲೇ ಕೂತಿದ್ದ, ಮೊದಲ ದಿನ ಅಳಿವೆಯ ನೀರಲ್ಲಿ ನಿಂತ ಹಾಗೆ. ಅವಳು ಖಾಲಿ ಸೀರೆಯ ಅಂಚನ್ನು ಅವನ ಮೇಲೆ ಕೊಡವಿ ಎದ್ದಳು. ಭಾಷೆ ಅರ್ಧ ಉಳಿಯಿತು, ಅರ್ಧ ಹೋಯಿತು.

ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಕೈಮುಗಿದರು. ಕರಿಬಸಮ್ಮ ಅಂಗೈಯಲ್ಲಿದ್ದ ಉಪ್ಪನ್ನು ಗುಂಡಿಗೆ ಹಾಕಿ, ಆ ಅಂಗೈಯನ್ನು ಭಕ್ತಿಯಿಂದ ಎರಡೂ ಕಣ್ಣಿಗೆ, ಹಣೆಗೆ ಒತ್ತಿಕೊಂಡಳು. ಬೋರಯ್ಯ ಮಣ್ಣೆಳೆದ.

ಮನೆಯ ಕಡೆ ಹೊರಟಾಗ ಬಿಸಿಲು ಎದುರಿಗಿತ್ತು. ಯಾರೂ ಸ್ನಾನವಾಗದೆ ಏನನ್ನೂ ಮುಟ್ಟಬಾರದು ಎಂದು ಹೆಂಗಸರಿಗೆ ಹೇಳುತ್ತಾ ಕರಿಬಸಮ್ಮ ಮುಂದೆ ನಡೆದಳು. ಬದುವಿನ ಮೇಲೆ ಕದರಪ್ಪ ನಿಂತಿದ್ದ. ಅವನ ಪಕ್ಕ ಹಾಯುವಾಗ ಅವಳು ಸೆರಗನ್ನು ಮತ್ತೆ ಮೂಗಿಗೆ ಏರಿಸಿಕೊಂಡಳು. ಕದರಪ್ಪ ಅವಳ ಮುಖವನ್ನು ನೋಡಿದ, ಹಿಂದೆ ಬರುತ್ತಿದ್ದ ಗಂಗಾಂಬಿಕಾಳನ್ನು ನೋಡಿದ. ಕರಿಬಸಮ್ಮನ ಹಣೆಯಲ್ಲಿ, ವಿಭೂತಿಯ ಮೂರು ಪಟ್ಟೆಗಳ ನಡುವೆ, ಒಂದು ಹುರುಪೆ ಅಂಟಿಕೊಂಡಿತ್ತು. ಇಳಿಬಿಸಿಲಿಗೆ ಅದು ಮನೆಯ ಬಾಗಿಲವರೆಗೂ ಮಿಂಚುತ್ತಾ ಹೋಯಿತು.